ಮಡಿವಾಳ ಹಕ್ಕಿಯ ಪಿಸುಹಾಡು ಕೊನೆಗೂ ಸಿಕ್ತು – ನನ್ನ ಅನುಭವ

ನಮ್ಮ ತೋಟದ ಕಪ್ಪು ಬಿಳುಪು ಮಡಿವಾಳ ಹಕ್ಕಿ (ಮ್ಯಾಗ್‌ಪೈ ರಾಬಿನ್) ಹೆಣ್ಣಿನ ಹತ್ರ ಬಂದು ಮೆಲ್ಲಗೆ ಹಾಡೋ ಪಿಸುಹಾಡು ರೆಕಾರ್ಡ್ ಆಗ್ಬೇಕಾ? ಗಂಡಿನ ಕಡೆ ಮೈಕ್ ತಿರುಗಿಸೋದು ಬಿಡಿ, ಹೆಣ್ಣು ಎಲ್ಲಿ ಬಂದು ಕೂರುತ್ತೆ ಅಂತ ನೋಡ್ಕೊಂಡು ಅಲ್ಲಿ ರೆಕಾರ್ಡರ್ ಕಟ್ಟಿ ಬನ್ನಿ. ಇಷ್ಟು ವರ್ಷ ಹಕ್ಕಿ ಹಿಂದೆ ಓಡಾಡಿ ನಾನು ಗಟ್ಟಿಯಾಗಿ ಹೇಳಬಲ್ಲ ಮಾತು ಇದು. ಮೊದಲ ಸಲ ಹೇಳ್ದಾಗ ನಮ್ಮ ಫೀಲ್ಡ್‌ನವ್ರೇ ನಂಬ್ಲಿಲ್ಲ, ಈಗ ಎರಡು ಮೂರು ಸೀಸನ್‌ನ ಫೈಲ್ ಕೈಲಿದೆ, ಅದಕ್ಕೇ ಬರೀತಿದೀನಿ.

ಪಿಎಚ್‌ಡಿ ಶುರು ಮಾಡಿದಾಗ ನನ್ನ ಪ್ಲಾನ್ ಎಲ್ಲರ ಥರಾನೇ ಇತ್ತು. ಮಾರ್ಚಿಂದ ಜುಲೈವರೆಗೆ ಬೆಳಗಿನ ಜಾವ ಗಂಡು ಮರದ ತುದೀಲಿ ಕೂತು ಹಾಡೋದನ್ನ ರೆಕಾರ್ಡ್ ಮಾಡೋದು, ಯಾವನಿಗೆ ಎಷ್ಟು ಥರ ಬರುತ್ತೆ ಎಣಿಸೋದು, ಯಾವನಿಗೆ ಬೇಗ ಜೋಡಿ ಸಿಕ್ತು ನೋಡೋದು. ಕ್ಯಾಚ್‌ಪೋಲ್ ಅನ್ನೋ ವಿಜ್ಞಾನಿ ಯುರೋಪಿನ ಸೆಡ್ಜ್ ವಾರ್ಬ್ಲರ್ ಅನ್ನೋ ಪುಟ್ಟ ಹಕ್ಕಿ ಮೇಲೆ ತೋರಿಸಿದ್ದು ಅದೇ ತಾನೆ, ಜಾಸ್ತಿ ಥರ ಹಾಡೋ ಗಂಡಿಗೆ ಹೆಣ್ಣು ಮೊದಲು ಸಿಗುತ್ತೆ ಅಂತ. ಆದ್ರೆ ಆ ಹಕ್ಕಿ ಆಫ್ರಿಕಾದಿಂದ ವಲಸೆ ಬಂದು ಇಳಿಯುತ್ತೆ, ಜೋಡಿ ಸಿಕ್ಕ ಕೂಡ್ಲೇ ಹಾಡು ನಿಲ್ಸುತ್ತೆ, ಹಾಗಾಗಿ ಅಲ್ಲಿ ಲೆಕ್ಕ ಸಲೀಸು. ನಮ್ಮ ಮಡಿವಾಳ ವರ್ಷಪೂರ್ತಿ ಅದೇ ತೋಟ ಹಿಡ್ಕೊಂಡು ಕೂತಿರುತ್ತೆ, ಜೋಡಿ ಆಗಿದ್ರೂ ಹಾಡುತ್ತೆ, ಮೊಟ್ಟೆ ಇಟ್ಟ ಮೇಲೂ ಹಾಡುತ್ತೆ. ಎರಡು ಸೀಸನ್ ಎಣಿಸಿ ಗ್ರಾಫ್ ಹಾಕಿದ್ರೆ ಚುಕ್ಕೆಗಳು ಚೆಲ್ಲಾಪಿಲ್ಲಿ, ಏನೂ ಹೊರಡ್ಲಿಲ್ಲ. ಹರಿದ್ವಾರದಲ್ಲಿ ಅನಿಲ್ ಕುಮಾರ್ ಮತ್ತೆ ದಿನೇಶ್ ಭಟ್ ಅವ್ರು ಇದೇ ಹಕ್ಕಿ ಮೇಲೆ ತುಂಬಾ ಕೆಲಸ ಮಾಡಿದಾರೆ, ಹೆಣ್ಣೂ ಹಾಡುತ್ತೆ ಅನ್ನೋದ್ರ ಮೇಲೂ ಬರ್ದಿದಾರೆ, ಅದನ್ನ ಓದಿದ ಮೇಲೇ ನನ್ನ ಕಣ್ಣು ಹೆಣ್ಣಿನ ಕಡೆ ಹೋಗಿದ್ದು.

ಒಂದಿನ ಬಚ್ಚಲುಮನೆ ಹಿಂದಿನ ಕಟ್ಟಿಗೆ ರಾಶಿ ಮೇಲೆ ಹೆಣ್ಣು ಕೂತಿತ್ತು. ಗಂಡು ತೆಂಗಿನ ಮರದಿಂದ ಇಳಿದು ಬಂತು, ಮೈ ಪುಕ್ಕ ಎಲ್ಲಾ ಉಬ್ಬಿಸ್ಕೊಂಡು, ಕೊಕ್ಕು ಆಕಾಶಕ್ಕೆ ಎತ್ತಿ, ಬಾಲ ಬೀಸಣಿಗೆ ಥರ ಬಿಚ್ಚಿ, ಗತ್ತಲ್ಲಿ ಅತ್ತಿಂದಿತ್ತ ನಡೀತು. ಈ ಕುಣಿತ ನೀವೆಲ್ಲಾ ನೋಡಿರ್ತೀರಿ. ನಾನು ಬೈನಾಕ್ಯುಲರಲ್ಲಿ ನೋಡಿದ್ದು ಅದರ ಗಂಟಲು. ಗಂಟಲು ಒಂದೇ ಸಮನೆ ಅದುರ್ತಾ ಇತ್ತು, ನನಗೆ ಕೇಳ್ತಾ ಇದ್ದಿದ್ದು ಮಾತ್ರ ಏನೂ ಇಲ್ಲ. ಹತ್ತು ಹನ್ನೆರಡು ಮಾರು ದೂರ ಅಷ್ಟೆ. ಹಾಗಾದ್ರೆ ಮರದ ತುದೀದು ಊರಿಗೆಲ್ಲಾ ಹೇಳೋ ಹಾಡು, ಹೆಣ್ಣಿಗೇ ಅಂತ ಹಾಡೋದು ಇದು ಅನ್ನಿಸ್ತು. ಡೆನ್ಮಾರ್ಕಿನ ವಿಜ್ಞಾನಿ ಡಾಬೆಲ್‌ಸ್ಟೀನ್ ಬ್ಲಾಕ್‌ಬರ್ಡ್ ಹಕ್ಕಿ ಮೇಲೆ ಇಂಥ ಮೆತ್ತನೆ ಹಾಡಿನ ಬಗ್ಗೆ ಬರ್ದಿದ್ದು ನೆನಪಿತ್ತು.

ಗೈಡ್ ಹತ್ರ ಹೇಳಿದ್ರೆ, "ಏನ್ರೀ, ಕಿವಿಗೇ ಕೇಳದ್ದನ್ನ ಥೀಸಿಸ್ ಮಾಡ್ತೀರಾ, ಬರೀ ನಾಯ್ಸ್ ಸಿಗುತ್ತೆ" ಅಂದ್ರು. ಫೆಲೋಶಿಪ್ ಮುಗೀತಾ ಬಂದಿತ್ತು, ಹಾಗಾಗಿ ಥೀಸಿಸ್ಸನ್ನ ಬೆಳಗಿನ ಹಾಡಿನ ಮೇಲೇ ಮುಗಿಸ್ದೆ. ಈ ಕೆಲಸ ಆಮೇಲೆ ಊರಿಗೆ, ಸಾಗರದ ಕಡೆ ತೋಟಕ್ಕೆ ವಾಪಸ್ ಬಂದು, ಡಿಗ್ರಿ ಕಾಲೇಜಲ್ಲಿ ಗೆಸ್ಟ್ ಲೆಕ್ಚರರ್ ಆಗಿಕೊಂಡು ಸ್ವಂತ ದುಡ್ಡಲ್ಲಿ ಮಾಡಿದ್ದು.

ಮೊದಲು ಶಾಟ್‌ಗನ್ ಮೈಕ್ (ಒಂದೇ ದಿಕ್ಕಿನ ಸದ್ದು ಹಿಡಿಯೋ ಉದ್ದ ಮೈಕ್) ತಂದೆ, ಸೆಕೆಂಡ್‌ಹ್ಯಾಂಡ್, ಇಪ್ಪತ್ತೈದು ಸಾವಿರದ ಹತ್ರ. ಹಕ್ಕಿ ಹತ್ರ ಹೋಗೋಕೆ ನೋಡಿದ್ರೆ ಕುಣಿತಾನೇ ನಿಲ್ಲುತ್ತೆ, ದೂರ ನಿಂತ್ರೆ ಗೊರವಂಕ, ಪಿಕಳಾರ, ಪಕ್ಕದ ತೋಟದ ಪಂಪು, ದೇವಸ್ಥಾನದ ಸುಪ್ರಭಾತ ಎಲ್ಲಾ ಬರುತ್ತೆ, ಬೇಕಾದ್ದು ಬರಲ್ಲ. ಆಮೇಲೆ ಹಳೇ ಡಿಶ್ ಆಂಟೆನಾ ತಟ್ಟೆಗೆ ಮೈಕ್ ಸಿಕ್ಕಿಸಿ, ದೂರದ ಸದ್ದನ್ನ ಒಂದೇ ಕಡೆ ಕೂಡಿಸೋ ಪ್ಯಾರಾಬೋಲಾ ಮಾಡ್ದೆ. ಸೌಂಡ್ ನಿಜವಾಗ್ಲೂ ಚೆನ್ನಾಗಿತ್ತು, ಆದ್ರೆ ಅಷ್ಟು ದೊಡ್ಡ ಬಿಳಿ ತಟ್ಟೆ ಹಿಡ್ಕೊಂಡು ತೋಟಕ್ಕೆ ಕಾಲಿಟ್ರೆ ಹೆಣ್ಣು ಆ ಕಡೆ ಸುಳಿಯೋದೇ ಇಲ್ಲ. ಒಂದು ಸೀಸನ್ ಹೀಗೇ ಹೋಯ್ತು.

ಆಗ ಆಡಿಯೋಮಾತ್ ತರಿಸ್ದೆ, ಕಟ್ಟಿಟ್ಟು ಬಂದ್ರೆ ಹೇಳಿದ ಟೈಮಿಗೆ ತಾನೇ ರೆಕಾರ್ಡ್ ಮಾಡೋ ಸಣ್ಣ ರೆಕಾರ್ಡರ್. ಒಂದಕ್ಕೆ ಡ್ಯೂಟಿ ಎಲ್ಲಾ ಸೇರಿ ಎಂಟೊಂಬತ್ತು ಸಾವಿರ ಬಿತ್ತು ಅಂತ ನೆನಪು, ಆರು ಬೇಕಾಗಿತ್ತು. ಶಾಟ್‌ಗನ್ ಮೈಕ್ ಮಾರ್ದೆ, ಸಾಲದ್ದಕ್ಕೆ ಅಪ್ಪಯ್ಯ ಒಂದು ಮೂಟೆ ಚಾಲಿ ಅಡಿಕೆ ಮಾರಿದ ದುಡ್ಡು ಕೊಟ್ರು, ಯಾಕೆ ಏನು ಅಂತ ಒಂದು ಮಾತೂ ಕೇಳ್ಲಿಲ್ಲ. ರಿಸರ್ಚ್ ಗ್ರಾಂಟ್ ಅಂತ ನನಗೆ ಸಿಕ್ಕಿದ್ದು ಅದೇ.

ಮಲೆನಾಡಲ್ಲಿ ಎಲೆಕ್ಟ್ರಾನಿಕ್ಸ್ ಇಡೋದು ಎಷ್ಟು ಕಷ್ಟ ಅಂತ ಇಲ್ಲಿ ಕೆಲಸ ಮಾಡ್ದೋರಿಗೆ ಗೊತ್ತು. ಜಿಪ್ ಕವರಲ್ಲಿ ಹಾಕಿಟ್ರೆ ಒಳಗೇ ಬೆವರುತ್ತೆ, ಸಿಲಿಕಾ ಜೆಲ್ ವಾರಕ್ಕೊಮ್ಮೆ ಬದಲಾಯಿಸ್ಬೇಕು, ಅಡ್ಡಮಳೆ ಹನಿ ಪ್ಲಾಸ್ಟಿಕ್ ಮೇಲೆ ಬಿದ್ರೆ ಫೈಲ್ ಪೂರ್ತಿ ಪಟಪಟ. ಇದಕ್ಕೆ ಕೊನೆಗೆ ಕೆಲಸಕ್ಕೆ ಬಂದಿದ್ದು ಅಡಿಕೆ ಹಾಳೆ. ಹಾಳೆ ನೆನೆಸಿ, ಬಗ್ಗಿಸಿ, ಸೂರಿನ ಥರ ಮೇಲೆ ಕಟ್ಟಿದ್ರೆ ಹನಿ ಸದ್ದು ಅರ್ಧಕ್ಕರ್ಧ ಕಮ್ಮಿ ಆಗುತ್ತೆ, ಹಕ್ಕಿಗೂ ಅದು ತೋಟದ್ದೇ ವಸ್ತು, ಎರಡು ಮೂರು ದಿನಕ್ಕೆ ಅದ್ರ ಮೇಲೇ ಬಂದು ಕೂತಿದೆ. ಚಿಗಳಿ ಇರುವೆ ಮೈಕ್ ತೂತೊಳಗೇ ಹೊಗ್ತಾ ಇದ್ವು, ಅದಕ್ಕೆ ನಾನು ಹಗ್ಗಕ್ಕೆ ಒಂದು ಲೇಪ ಹಚ್ತೀನಿ, ಏನು ಅಂತ ನನ್ನ ರಿಸರ್ಚ್ ಪೇಪರ್ ಬರೋವರೆಗೆ ಹೇಳಲ್ಲ. ಹೆಣ್ಣು ನಾಳೆ ಎಲ್ಲಿ ಕೂರುತ್ತೆ ಅಂತ ಹಿಂದಿನ ಸಂಜೇನೇ ಗುರುತು ಹಿಡಿಯೋ ವಿದ್ಯೆನೂ ಸದ್ಯಕ್ಕೆ ನನ್ನ ಹತ್ರಾನೇ ಇರಲಿ.

ಜೀರುಂಡೆ ದೊಡ್ಡ ತಲೆನೋವು. ಏಪ್ರಿಲ್ ಮೇನಲ್ಲಿ ಬಿಸಿಲೇರಿದ ಮೇಲೆ ಸ್ಪೆಕ್ಟ್ರೋಗ್ರಾಮಲ್ಲಿ (ಸದ್ದಿನ ಏರಿಳಿತ ತೋರಿಸೋ ಚಿತ್ರ) ನಾಲ್ಕು ಕಿಲೋಹರ್ಟ್ಸ್‌ನಿಂದ ಮೇಲೆ ಬರೀ ಕಪ್ಪು ಪಟ್ಟಿ. ಅದಕ್ಕೆ ಬೆಳಗ್ಗೆ ಐದೂಕಾಲಿಂದ ಏಳೂವರೆ ಮತ್ತೆ ಸಂಜೆ ಒಂದು ಗಂಟೆ ಚಿಲ್ಲರೆ, ಅಷ್ಟೇ ರೆಕಾರ್ಡ್ ಇಟ್ಟೆ. ನಲವತ್ತೆಂಟು ಕಿಲೋಹರ್ಟ್ಸ್ ಸ್ಯಾಂಪಲ್ ರೇಟಲ್ಲಿ (ಸೆಕೆಂಡಿಗೆ ನಲವತ್ತೆಂಟು ಸಾವಿರ ಸಲ ಸದ್ದು ಅಳೆಯೋದು) ಗಂಟೆಗೆ ಮುನ್ನೂರೈವತ್ತು ಎಂಬಿ ಹತ್ರ ಬರುತ್ತೆ, 64 ಜಿಬಿ ಕಾರ್ಡ್ ತಿಂಗಳು ದಾಟುತ್ತೆ, ಅಷ್ಟರೊಳಗೆ ರಿಚಾರ್ಜಬಲ್ ಸೆಲ್ಲೇ ಮುಗಿದಿರುತ್ತೆ.

ಮೊದಲ ಒಳ್ಳೇ ಫೈಲನ್ನ ಹಕ್ಕಿ ಹಾಡು ಬಿಡಿಸಿ ನೋಡೋ ಸಾಫ್ಟ್‌ವೇರ್ ರೇವನ್‌ನಲ್ಲಿ ಓಪನ್ ಮಾಡಿದ ರಾತ್ರಿ ನಿದ್ದೆ ಬರ್ಲಿಲ್ಲ. ಮರದ ತುದಿ ಹಾಡು ನಿಮಗೆ ಗೊತ್ತು, ಒಂದು ತುಣುಕು, ಬಿಡುವು, ಮತ್ತೊಂದು ತುಣುಕು, ಎಲ್ಲಾ ಅಚ್ಚುಕಟ್ಟು. ಇದು ಹಾಗಿಲ್ಲ, ಬಿಡುವೇ ಇಲ್ಲ, ಸಣ್ಣ ಸಣ್ಣ ಸ್ವರ ಒಂದರ ಮೇಲೊಂದು, ನಡುವೆ ಮರದ ತುದೀಲಿ ನಾನು ಯಾವತ್ತೂ ಕೇಳದ ಗೊಗ್ಗರು ಸ್ವರ, ಕೆಲವು ಸಲ ಮಧ್ಯದಲ್ಲಿ ಹೆಣ್ಣಿನ ಸಣ್ಣ 'ಚರ್ರ್', ಅದಾದ ಕೂಡ್ಲೇ ಗಂಡಿನ ವೇಗ ಇನ್ನೂ ಹೆಚ್ಚುತ್ತೆ. 1988ರಲ್ಲಿ ವೆಸ್ಟ್ ಮತ್ತೆ ಕಿಂಗ್ ಅನ್ನೋ ವಿಜ್ಞಾನಿಗಳು ಅಮೆರಿಕದ ಹಕ್ಕಿ ಕೌಬರ್ಡ್‌ನಲ್ಲಿ ಹೆಣ್ಣು ರೆಕ್ಕೆ ಒಂದು ಸಲ ಅಲುಗಿಸಿದ್ದು ನೋಡಿ ಗಂಡು ಹಾಡನ್ನೇ ತಿದ್ಕೊಳ್ಳುತ್ತೆ ಅಂತ ತೋರಿಸಿದ್ರಲ್ಲ, ನಮ್ಮ ತೋಟದಲ್ಲೂ ಅಂಥದ್ದೇ ಏನೋ ನಡೀತಿದೆ ಅಂತ ನನ್ನ ನಂಬಿಕೆ.

ಆಮೇಲೆ ಬಂದ ಅನುಮಾನ ಗೈಡ್ ಎತ್ತಿದ್ದಕ್ಕಿಂತ ಗಟ್ಟಿ. ಒಬ್ರು ಹಿರಿಯರು, ಮೆತ್ತನೆ ಹಾಡು ಅಂದ್ರೆ ಜಗಳದ ಹಾಡು, ಸಾಂಗ್ ಸ್ಪ್ಯಾರೋ ಅನ್ನೋ ಹಕ್ಕೀಲಿ ಸರ್ಸಿ, ಆಂಡರ್ಸನ್, ನೊವಿಕಿ 2006ರಲ್ಲೇ ತೋರಿಸಿದಾರಲ್ಲ, ಮೆಲ್ಲಗೆ ಹಾಡಿದ ಗಂಡೇ ಮೇಲೆ ಬೀಳುತ್ತೆ ಅಂತ, ಅಂದ್ರು. ಸರಿಯಾದ ಪ್ರಶ್ನೆ. ಅದಕ್ಕೆ ರೆಕಾರ್ಡರ್ ಪಕ್ಕ ಒಂದು ಹಳೇ ಮೊಬೈಲ್ ಕ್ಯಾಮೆರಾನೂ ಕಟ್ಟಿದೆ. ಜಗಳದಲ್ಲೂ ಗಂಡು ಮೆಲ್ಲಗೆ ಹಾಡುತ್ತೆ, ನಿಜ, ಆದ್ರೆ ಆಗ ಆ ಗೊಗ್ಗರು ಸ್ವರ ಇಲ್ವೇ ಇಲ್ಲ ಅನ್ನೋಷ್ಟು ಕಮ್ಮಿ, ಬಾಲಾನೂ ಬಿಚ್ಚಲ್ಲ. ಹೆಣ್ಣು ಒಂದೇ ಇದ್ದಾಗ ಎರಡೂ ಇರುತ್ತೆ. ಹತ್ತರಲ್ಲಿ ಏಳೆಂಟು ಸಲ ಹೀಗೇ. ಹಿರಿಯರು ಫೈಲ್ ಕೇಳಿ, "ಹೌದ್ ಮಾರಾಯ, ಇದು ಬೇರೇನೇ" ಅಂದ್ರು, ನನಗೆ ಅದು ಡಿಗ್ರಿ ಸಿಕ್ಕಿದ್ದಕ್ಕಿಂತ ದೊಡ್ಡದು. ಪ್ಲೇಬ್ಯಾಕ್ ಮಾಡಿ (ರೆಕಾರ್ಡ್ ಆದ ಹಾಡು ಹಕ್ಕಿಗೇ ಕೇಳ್ಸಿ) ನೋಡಿ ಅಂತ ತುಂಬಾ ಜನ ಹೇಳ್ತಾರೆ, ಗೂಡಿನ ಟೈಮಲ್ಲಿ ನಾನು ಮಾಡಲ್ಲ. ಗಂಡು ಕಂಗಾಲಾಗಿ ಮರಿಗೆ ಹುಳ ತರೋದೇ ಬಿಡುತ್ತೆ.

2020ರ ಲಾಕ್‌ಡೌನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ವೈಟ್ ಕ್ರೌನ್ಡ್ ಸ್ಪ್ಯಾರೋಗಳು ಗದ್ದಲ ಇಳಿದ ಕೂಡ್ಲೇ ಮೆಲ್ಲಗೆ ಹಾಡೋಕೆ ಶುರು ಮಾಡಿದ್ವು ಅಂತ ಪೇಪರ್ ಬಂತಲ್ಲ, ಅದನ್ನ ಓದಿ ರಸ್ತೆ ಪಕ್ಕದ ತೋಟ, ಒಳಗಿನ ತೋಟ ಎರಡರಲ್ಲೂ ರೆಕಾರ್ಡರ್ ಇಟ್ಟು ನೋಡ್ತಿದೀನಿ. ಕಳೆ ಕೊಚ್ಚೋ ಮೆಷಿನ್ ಓಡೋವಾಗ ರಸ್ತೆ ಪಕ್ಕದ ಗಂಡು ಹೆಣ್ಣಿಗೆ ಇನ್ನೂ ಹತ್ರ ಹೋಗಿ ಹಾಡ್ತಿದೆ ಅನ್ನಿಸ್ತಿದೆ, ಇನ್ನೊಂದು ಸೀಸನ್ ಆಗ್ಲಿ.

ಮಾಡೋರಿಗೆ ಆಡಿಯೋಮಾತ್ ಸೆಟ್ಟಿಂಗ್: ಗೇನ್ (ಸದ್ದು ಹಿಗ್ಗಿಸೋ ಮಟ್ಟ) ಮೀಡಿಯಂ‌-ಹೈ ಇಡಿ, ಹೈ ಇಟ್ರೆ ಗಂಡು ಒಂದ್ಸಲ ಜೋರಾಗಿ ಹಾಡಿದ್ರೂ ಕ್ಲಿಪ್ ಆಗುತ್ತೆ, ಅಂದ್ರೆ ಸದ್ದು ಒಡೆಯುತ್ತೆ. ಹೆಣ್ಣು ಕೂರೋ ಜಾಗಕ್ಕೆ ಒಂದು ಒಂದೂವರೆ ಮೀಟರ್ ದೂರ, ಸೊಂಟದೆತ್ತರ, ಮೈಕ್ ಕೆಳಮುಖ. ಹಾಳೆ ಹದಿನೈದು ದಿನಕ್ಕೊಮ್ಮೆ ಬದಲಾಯಿಸಿ, ಇಲ್ಲಾಂದ್ರೆ ಬೂಸಲು ಬರುತ್ತೆ. ಫೈಲ್ ಬೇಕು ಅಂದೋರಿಗೆ ಕೊಡ್ತೀನಿ, ಗೂಡಿನ ಜಾಗ ಮಾತ್ರ ಯಾರಿಗೂ ಹೇಳಲ್ಲ.