ಫಾಸ್ಟ್, ಶಾರ್ಟ್, ಇಕೋ: ಕಾರಿನ ಮ್ಯಾಪ್ ಜೊತೆ ಕಾರ್ಕಳದ ದಾರಿ

ಬೆಂಗಳೂರಿನಿಂದ ಕಾರ್ಕಳಕ್ಕೆ ದಾರಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಘಾಟಿ. ಶಿರಾಡಿಯಲ್ಲೇ ಹೋಗಿ ಅನ್ನುವವರು, ಚಾರ್ಮಾಡಿ ಬಿಟ್ಟರೆ ಬೇರೆ ಮಾತಿಲ್ಲ ಅನ್ನುವವರು, ಕಳಸದ ಮೇಲೆ ಕುದುರೆಮುಖದ ಕಾಡು ನೋಡಿಕೊಂಡು ಇಳಿಯಿರಿ ಅನ್ನುವವರು. ನನ್ನ ಕಾರಿನ ಜೊತೆಗೇ ಬಂದ ನ್ಯಾವಿಗೇಶನ್ ಕೂಡ ಮೂರು ದಾರಿ ಮುಂದಿಡುತ್ತದೆ. ಊರಿನವರಾದರೆ ಕಾರಣ ಹೇಳುತ್ತಾರೆ. ಇದು ಕಾರಣ ಹೇಳುವುದಿಲ್ಲ, ನೀಲಿ ಗೆರೆ ಎಳೆದು ಸುಮ್ಮನಾಗುತ್ತದೆ. ಆ ಗೆರೆ ಎಲ್ಲಿಂದ ಬರುತ್ತದೆ ಅಂತ ನಾನು ತಿಳಿದುಕೊಂಡದ್ದು ಓಡಿಸುವಾಗಲ್ಲ, ಮನೆ ಮುಂದೆ ಗಾಡಿ ನಿಲ್ಲಿಸಿಕೊಂಡು ಒಂದೇ ಊರಿಗೆ ಬೇರೆ ಬೇರೆ ಸೆಟ್ಟಿಂಗ್ ಹಾಕಿ ನೋಡಿದಾಗ.

ಉಪಗ್ರಹದಿಂದ ಸಿಗುವುದು ಗಾಡಿ ಎಲ್ಲಿದೆ ಎಂಬುದಷ್ಟೇ. ದಾರಿ ಹುಡುಕುವುದು ಎಸ್‌ಡಿ ಕಾರ್ಡ್‌ನಲ್ಲಿರುವ ಮ್ಯಾಪ್. ಅದರಲ್ಲಿ ಪ್ರತಿ ರಸ್ತೆ ತುಂಡಿಗೂ ಒಂದು ಖರ್ಚು ಅಂಟಿಸಿರುತ್ತದೆ, ಒಟ್ಟು ಖರ್ಚು ಎಲ್ಲಿ ಕಡಿಮೆಯೋ ಅದೇ ದಾರಿ. ಡೈಕ್‌ಸ್ಟ್ರಾ ಎಂಬ ಡಚ್ ವಿಜ್ಞಾನಿ 1959ರಲ್ಲಿ ಪ್ರಕಟಿಸಿದ ಲೆಕ್ಕವೇ ಇವತ್ತಿಗೂ ಇದರ ಬುಡ. ಫಾಸ್ಟ್ ಅಂತ ಒತ್ತಿದರೆ ಖರ್ಚೆಂದರೆ ಸಮಯ, ಶಾರ್ಟ್ ಅಂದರೆ ದೂರ, ಇಕೋ ಅಂದರೆ ಎರಡರ ನಡುವೆ ಇಂಧನದ ಅಂದಾಜು. ಇಕೋ ಬಗ್ಗೆ ನನಗೆ ಹೇಳುವಂಥದ್ದೇನೂ ಇಲ್ಲ. ಈ ದಾರಿಯಲ್ಲಿ ಅದು ಬಹುಪಾಲು ಫಾಸ್ಟ್‌ನ ಹಿಂದೆಯೇ ಹೋಗುತ್ತದೆ.

ತೊಂದರೆ ಇರುವುದು ಫಾಸ್ಟ್‌ನಲ್ಲಿ. ನಮ್ಮ ಗಾಡಿಯಲ್ಲಿ ಇಂಟರ್ನೆಟ್ ಇಲ್ಲ, ಹಾಗಾಗಿ ಸಮಯ ಅನ್ನುವುದು ರಸ್ತೆಯ ದರ್ಜೆ ನೋಡಿ ಮೊದಲೇ ಬರೆದಿಟ್ಟ ಸ್ಪೀಡು. ರಾಷ್ಟ್ರೀಯ ಹೆದ್ದಾರಿ ಅಂದಮೇಲೆ ಇಷ್ಟು, ರಾಜ್ಯ ಹೆದ್ದಾರಿಗೆ ಇಷ್ಟು, ಊರೊಳಗಿನ ರಸ್ತೆಗೆ ಇಷ್ಟು. ನೆಲಮಂಗಲದಿಂದ ಹಾಸನದವರೆಗಿನ ನಾಲ್ಕು ಲೇನ್ ರಸ್ತೆಗೆ ಈ ಲೆಕ್ಕ ಸರಿಹೋಗುತ್ತದೆ. ಚಾರ್ಮಾಡಿಯೂ ಹೆದ್ದಾರಿಯೇ, ಎನ್‌ಎಚ್ 73. ಆದರೆ ಕೊಟ್ಟಿಗೆಹಾರ ದಾಟಿ ತಿರುವು ಶುರುವಾದ ಮೇಲೆ ಮೂವತ್ತರ ಮೇಲೆ ಹೋಗುವುದು ಕಷ್ಟ. ಮಂಜು ಬಿದ್ದರೆ ಅದೂ ಇಲ್ಲ. ತಲುಪುವ ಸಮಯ ಹಾಸನದವರೆಗೆ ಅಲ್ಲಾಡದೆ ನಿಂತಿದ್ದು, ಘಾಟಿಯಲ್ಲಿ ತಿರುವಿಗೊಂದು ನಿಮಿಷ ಅಂತ ಮುಂದಕ್ಕೆ ಹೋಗುವುದು ಇದಕ್ಕೇ. ಈಗ ನಾನು ಘಾಟಿ ಇರುವ ದಾರಿಗೆ ಅದು ತೋರಿಸಿದ ಸಮಯದ ಮೇಲೆ ಮುಕ್ಕಾಲು ಗಂಟೆ ಸೇರಿಸಿಯೇ ಮನೆಗೆ ಫೋನ್ ಮಾಡುವುದು.

ಮಳೆಗಾಲದಲ್ಲಂತೂ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತಾ ಕೇಳುವ ಮಾತಿಗೇ ಬೆಲೆ. "ಅಣ್ಣಾ, ಕೆಳಗೆ ಹೇಗಿದೆ?" ಅಂದರೆ "ಮಲಯಮಾರುತದ ಹತ್ರ ಮಂಜು ಜಾಸ್ತಿ ಸಾರ್, ಲೈಟ್ ಹಾಕ್ಕೊಂಡು ನಿಧಾನ ಹೋಗಿ" ಅನ್ನುತ್ತಾರೆ. ಈ ಮಾಹಿತಿ ಯಾವ ಎಸ್‌ಡಿ ಕಾರ್ಡ್‌ನಲ್ಲೂ ಬರುವುದಿಲ್ಲ.

ಶಾರ್ಟ್ ಅನ್ನು ಮಲೆನಾಡಿನಲ್ಲಿ ಹಾಕಬೇಡಿ. ಮೂಡಿಗೆರೆ ಸುತ್ತಮುತ್ತ ಅದು ಒಂದೆರಡು ಕಿಲೋಮೀಟರ್ ಉಳಿಸಲು ಮುಖ್ಯ ರಸ್ತೆ ಬಿಡಿಸಿ ಕಾಫಿ ತೋಟಗಳ ನಡುವಿನ ರಸ್ತೆಗೆ ತಿರುಗಿಸುತ್ತದೆ. ಎದುರಿಗೆ ಪಿಕಪ್ ಬಂದರೆ ಒಬ್ಬರು ರಿವರ್ಸ್ ಹೋಗಲೇಬೇಕು. ಶಾರ್ಟ್ ಉಪಯೋಗಕ್ಕೆ ಬರುವುದು ಊರು ತಲುಪಿದ ಮೇಲೆ, ಕೊನೆಯ ಓಣಿ ಹುಡುಕುವಾಗ.

ಇನ್ನು 'ಅವಾಯ್ಡ್' ಪಟ್ಟಿ: ಟೋಲ್, ಹೆದ್ದಾರಿ, ಫೆರ್ರಿ, ಮಣ್ಣಿನ ರಸ್ತೆ. ಟಿಕ್ ಹಾಕಿದರೆ ಆ ರಸ್ತೆ ನಿಷೇಧ ಅಂತಲ್ಲ, ಅದಕ್ಕೆ ದೊಡ್ಡ ದಂಡ ಹಾಕಿದ ಹಾಗೆ. ಬೇರೆ ದಾರಿಯೇ ಇಲ್ಲದಿದ್ದರೆ ದಂಡ ಕಟ್ಟಿಯಾದರೂ ಅಲ್ಲೇ ಕರೆದೊಯ್ಯುತ್ತದೆ, ಪರದೆಯ ಮೂಲೆಯಲ್ಲಿ ಒಂದು ಸಣ್ಣ ಎಚ್ಚರಿಕೆ ತೋರಿಸಿ. ನಾನು ಟೋಲ್‌ಗೆ ಟಿಕ್ ಹಾಕಿ ನೋಡಿದಾಗ ಗೆರೆ ನೆಲಮಂಗಲದ ಕಡೆ ತಲೆಯೇ ಹಾಕಲಿಲ್ಲ. ಮಾಗಡಿ, ಹುಲಿಯೂರುದುರ್ಗ, ನಾಗಮಂಗಲ ಅಂತ ಹೋಗಿ, ಶಾಂತಿಗ್ರಾಮದ ಟೋಲ್ ತಪ್ಪಿಸಲು ಹೊಳೆನರಸೀಪುರದ ಮೇಲೆ ಹಾಸನಕ್ಕೆ ಬಂತು. ನೋಡಲು ಒಳ್ಳೆಯ ಊರುಗಳೇ. ಆದರೆ ಹಬ್ಬದ ಹಿಂದಿನ ದಿನ ಮಕ್ಕಳನ್ನು ಕೂರಿಸಿಕೊಂಡು ಹೋಗುವ ದಾರಿಯಲ್ಲ.

ಫೆರ್ರಿ ನಮಗ್ಯಾಕೆ ಅನ್ನಬೇಡಿ. ಸಾಗರದಿಂದ ಸಿಗಂದೂರಿನ ಮೇಲೆ ಕೊಲ್ಲೂರಿಗೆ ಇಳಿಯುವವರು ಶರಾವತಿ ಹಿನ್ನೀರಿನಲ್ಲಿ ಲಾಂಚ್ ಹತ್ತುತ್ತಿದ್ದರು. ಫೆರ್ರಿ ಬೇಡ ಅಂದರೆ ಮ್ಯಾಪ್ ಹೊಸನಗರ, ನಗರ, ನಿಟ್ಟೂರು ಸುತ್ತಿಸುತ್ತಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಹಳೆಯ ಮ್ಯಾಪ್‌ಗೆ ಇದು ಗೊತ್ತಿಲ್ಲ, ಅಲ್ಲಿ ಇನ್ನೂ ನೀರಿನ ಮೇಲೆ ಚುಕ್ಕಿ ಗೆರೆ. ಹಾಗಾಗಿ ಯಾವ ಆಪ್ಷನ್ ಒಳ್ಳೆಯದು ಅಂತ ಯೋಚಿಸುವ ಮೊದಲು ಮ್ಯಾಪ್ ಯಾವ ವರ್ಷದ್ದು ಅಂತ ಸೆಟ್ಟಿಂಗ್‌ನಲ್ಲಿ ನೋಡಿಕೊಳ್ಳಿ. ಹೊತ್ತಿಗೆ ಸಂಬಂಧಿಸಿದ ನಿರ್ಬಂಧವೂ ನನ್ನ ಮ್ಯಾಪ್‌ನಲ್ಲಿ ಇಲ್ಲ. ಬಂಡೀಪುರದೊಳಗೆ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ನಮ್ಮಂಥವರ ಗಾಡಿ ಬಿಡುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಕೇಳಿದರೂ ನನ್ನ ಕಾರು ಊಟಿಗೆ ಅದೇ ದಾರಿ ತೋರಿಸುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ನಾನು ಹೆಚ್ಚು ನೆಚ್ಚಿಕೊಂಡಿರುವುದು 'ವಯಾ ಪಾಯಿಂಟ್' ಅನ್ನು. ಘಾಟಿ ಯಾವುದು ಅಂತ ನಾನೇ ತೀರ್ಮಾನಿಸಿ ಅಲ್ಲೊಂದು ಬಿಂದು ಇಡುತ್ತೇನೆ: ಚಾರ್ಮಾಡಿಗೆ ಕೊಟ್ಟಿಗೆಹಾರ, ಶಿರಾಡಿಗೆ ಗುಂಡ್ಯ, ಕುದುರೆಮುಖಕ್ಕೆ ಕಳಸ. ಊರಿನ ಹೆಸರು ಟೈಪ್ ಮಾಡಿದರೆ ಬಿಂದು ಪೇಟೆ ಮಧ್ಯೆ ಬೀಳುತ್ತದೆ, ಆಗ ಬೈಪಾಸ್ ಬಿಟ್ಟು ಬಸ್‌ಸ್ಟ್ಯಾಂಡ್ ಮುಂದೆಯೇ ಹಾದು ಹೋಗಬೇಕು. ಆದ್ದರಿಂದ ಮ್ಯಾಪ್ ದೊಡ್ಡದು ಮಾಡಿ, ಹೋಗುವ ರಸ್ತೆಯ ಮೇಲೆಯೇ ಬೆರಳಿಟ್ಟು ಒತ್ತಬೇಕು. ಆ ಬಿಂದು ತಪ್ಪಿ ಮುಂದೆ ಹೋದರೆ ಅಳಿಸಿಬಿಡಿ, ಇಲ್ಲದಿದ್ದರೆ ಹತ್ತಾರು ಕಿಲೋಮೀಟರ್‌ವರೆಗೂ "ಯು ಟರ್ನ್ ಮಾಡಿ" ಅಂತಲೇ ಹಟ ಹಿಡಿಯುತ್ತದೆ. ಆಮೇಲೆ ತಿರುವುಗಳ ಪಟ್ಟಿ ತೆಗೆದು ಮೇಲಿಂದ ಕೆಳಗೆ ಓದುತ್ತೇನೆ. ಚಾರ್ಮಾಡಿ ದಾರಿಯಾದರೆ ಉಜಿರೆ, ಗುರುವಾಯನಕೆರೆ, ನಾರಾವಿ, ಬಜಗೋಳಿ ಸಾಲಾಗಿ ಬಂದರೆ ಸರಿ. ನಡುವೆ ಕೇಳದ ಹೆಸರು ಕಂಡರೆ ಅಲ್ಲೇನೋ ಒಳದಾರಿ ಹಿಡಿದಿದೆ ಅಂತ.

ಫೋನ್ ಇದೆಯಲ್ಲ ಅಂತ ಕೇಳುತ್ತಾರೆ. ಬೆಂಗಳೂರು ದಾಟುವವರೆಗೆ ಫೋನೇ ಮೇಲು, ಜಾಮ್ ಎಲ್ಲಿದೆ ಅಂತ ಅದಕ್ಕೆ ಗೊತ್ತು. ಘಾಟಿಯಲ್ಲಿ ನೆಟ್‌ವರ್ಕ್ ಹೋದಾಗ ದಾರಿ ತಪ್ಪಿದರೆ, ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡಿರದ ಫೋನ್ ಕೈ ಚೆಲ್ಲುತ್ತದೆ. ಕಾರಿನದು ಮಾತ್ರ ತಣ್ಣಗೆ ಹೊಸ ದಾರಿ ಲೆಕ್ಕ ಹಾಕುತ್ತದೆ. ಮರ ದಟ್ಟವಾಗಿದ್ದರೂ ಚಕ್ರ ಎಷ್ಟು ಉರುಳಿತು, ಗಾಡಿ ಎಷ್ಟು ತಿರುಗಿತು ಅನ್ನುವುದನ್ನು ಸೆನ್ಸರ್‌ನಿಂದ ತಿಳಿದು ಜಾಗ ಹಿಡಿದಿಟ್ಟುಕೊಳ್ಳುತ್ತದೆ.

ಕಳೆದ ವರ್ಷದಿಂದ ಟೋಲ್ ಟಿಕ್ ತೆಗೆದೇಬಿಟ್ಟಿದ್ದೇನೆ. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ (ಶುರುವಾದಾಗ 3,000 ರೂಪಾಯಿ ಇತ್ತು), ಒಂದು ವರ್ಷ ಅಥವಾ 200 ಸಲ ದಾಟುವವರೆಗೆ. ಹಾಸನದ ಹೆದ್ದಾರಿಯ ಟೋಲ್ ಅದರಲ್ಲೇ ಹೋಗುತ್ತದೆ. ಬೆಂಗಳೂರಿನ ಹೊರಗೆ ಸುತ್ತುವ ಖಾಸಗಿ ಟೋಲ್ ರಸ್ತೆ ನೈಸ್‌ಗೆ ಆ ಪಾಸ್ ನಡೆಯುವುದಿಲ್ಲ, ಆದರೆ ಕಾರಿಗೆ ಎರಡೂ ಟೋಲೇ. ಊರೊಳಗೆ ಟ್ರಾಫಿಕ್ ಕಡಿಮೆ ಇರುವ ಮುಂಜಾನೆ ಹೊರಟರೆ ಗೊರಗುಂಟೆಪಾಳ್ಯದಲ್ಲಿ ಒಂದು ವಯಾ ಪಾಯಿಂಟ್ ಇಟ್ಟು ನೈಸ್ ತಪ್ಪಿಸುತ್ತೇನೆ. ಹೊತ್ತು ಏರಿದ ಮೇಲಾದರೆ ಅದು ಹೇಳಿದ ಹಾಗೆ ನೈಸ್ ಹತ್ತಿ ದುಡ್ಡು ಕೊಡುತ್ತೇನೆ.