ಶಾರ್ಜಾದ ಬಿಸಿಲು, ಅಂಕೋಲೆಯ ಉಪ್ಪುಗಾಳಿ: ಕಾರು ಸ್ಟಾರ್ಟ್ ಆಗದಿದ್ದರೆ

ರಜೆಗೆ ಬಂದು ಅಂಕೋಲೆಯ ಮನೆಯಲ್ಲಿದ್ದೇನೆ. ಹಂಚಿನ ಮೇಲೆ ಆಷಾಢದ ಮಳೆ ಒಂದೇ ಸಮ. ಮೊನ್ನೆ ಊಟಕ್ಕೆ ಕೂತಾಗ ಶಾರ್ಜಾದಿಂದ ಫೋನು: "ಅಣ್ಣಾ, ಗಾಡಿ ಸ್ಟಾರ್ಟ್ ಆಗ್ತಿಲ್ಲ. ಹೊರಗೆ 46 ಡಿಗ್ರಿ." ಹೊನ್ನಾವರದ ಹುಡುಗ, ಅಲ್ಲಿಗೆ ಹೋಗಿ ಆರು ತಿಂಗಳಾಗಿರಬಹುದು, ಈಗಷ್ಟೇ ಸೆಕೆಂಡ್ ಹ್ಯಾಂಡ್ ಕಾರು ತಗೊಂಡವನು. "ಸೆಲ್ಫ್ ಹೊಡೆದಾಗ ಎಂಥಾ ಸದ್ದು ಬರ್ತದೆ?" ಎಂದು ಕೇಳಿದೆ. "ಸದ್ದು ಕೇಳಲಿಲ್ಲ, ನಾನು ಬೈತಾ ಇದ್ದೆ" ಅಂದ.

ಕಾರವಾರ, ಕುಮಟಾ, ಭಟ್ಕಳದ ಕಡೆಯಿಂದ ಗಲ್ಫಿಗೆ ಹೊಸದಾಗಿ ಹೋಗುವವರಿಗೆ ನಾನು ಹೇಳುವುದು ಇಷ್ಟೇ: ಬೈಯುವುದನ್ನು ನಿಲ್ಲಿಸಿ ಸದ್ದು ಕೇಳಿ. ಟಕಟಕಟಕ ಎಂದು ಬೇಗಬೇಗ ಬಡಿದುಕೊಂಡು ಡ್ಯಾಶ್‌ಬೋರ್ಡಿನ ದೀಪ ಮಂಕಾದರೆ ಬ್ಯಾಟರಿ ಡೌನ್, ಇಲ್ಲವೇ ಬ್ಯಾಟರಿಗೆ ವೈರು ಸೇರುವ ಟರ್ಮಿನಲ್ ಸಡಿಲ. ಒಂದೇ ಒಂದು "ಟಕ್" ಬಂದು ಸುಮ್ಮನಾದರೆ ಎಂಜಿನ್ನನ್ನು ತಿರುಗಿಸುವ ಸ್ಟಾರ್ಟರ್ ಮೋಟರಿನ ಮೇಲೆ ಅನುಮಾನ, ಆದರೆ ಕೊಳೆತ ಟರ್ಮಿನಲ್ ಕೂಡ ಹೀಗೇ ಆಡುತ್ತದೆ. ಎಂಜಿನ್ ಗರಗರ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ ಎಂದರೆ ಬ್ಯಾಟರಿಯನ್ನು ಬಿಟ್ಟು ಫ್ಯೂಯಲ್ ಪಂಪಿನ ಫ್ಯೂಸು, ಸ್ಪಾರ್ಕು ಇವುಗಳ ಕಡೆ ಹೋಗಿ. ದೀಪವೆಲ್ಲ ಚೆನ್ನಾಗಿ ಉರಿಯುತ್ತಿದೆ, ಸದ್ದೇ ಇಲ್ಲವೇ? ಬ್ರೇಕ್ ಗಟ್ಟಿಯಾಗಿ ಒತ್ತಿ ಗೇರನ್ನು ನ್ಯೂಟ್ರಲ್‌ಗೆ ತಂದು ನೋಡಿ. ಆಟೋಮ್ಯಾಟಿಕ್ ಗಾಡಿ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಸೆಲ್ಫ್ ಎತ್ತುವುದೇ ಇಲ್ಲ; ಅದನ್ನು ತಿಳಿಯುವ ಸ್ವಿಚ್ ಸವೆದಿದ್ದರೂ ಅಷ್ಟೇ. ಬಟನ್ ಸ್ಟಾರ್ಟ್ ಗಾಡಿಯಾದರೆ ರಿಮೋಟಿನ ಸೆಲ್ ಮುಗಿದಿರಬಹುದು. ಹೆಚ್ಚಿನ ಗಾಡಿಗಳಲ್ಲಿ ರಿಮೋಟನ್ನು ಬಟನ್ನಿಗೇ ತಾಗಿಸಿ ಒತ್ತಿದರೆ ಕೆಲಸ ನಡೆಯುತ್ತದೆ.

ದೇವಿಮನೆ ಘಟ್ಟದ ಇಳಿಜಾರಿನಲ್ಲಿ ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಸ್ಟಾರ್ಟ್ ಮಾಡಿದ ನಮ್ಮ ಹಳೇ ವಿದ್ಯೆ ಅಲ್ಲಿ ನಡೆಯುವುದಿಲ್ಲ. ಗಲ್ಫಿನಲ್ಲಿ ಸಿಗುವುದು ಬಹುಪಾಲು ಆಟೋಮ್ಯಾಟಿಕ್. ನಾಲ್ಕು ಜನ ಬೆವರು ಸುರಿಸಿ ತಳ್ಳಿದರೆ ಬೆವರೊಂದೇ ಲಾಭ.

ಹುಡುಗನಿಗೆ ಮೀಟರ್ ಹಿಡಿಸಿದೆ (ವೋಲ್ಟ್ ಅಳೆಯುವ ಮಲ್ಟಿಮೀಟರ್ ಒಂದು ಡಿಕ್ಕಿಯಲ್ಲಿರಲಿ, ದುಬಾರಿಯದಲ್ಲ). ಗಾಡಿ ಕೆಲವು ಗಂಟೆ ನಿಂತ ಮೇಲೆ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.4 ಪರವಾಗಿಲ್ಲ, 12ಕ್ಕೆ ಬಂತೆಂದರೆ ಹೆಚ್ಚುಕಡಿಮೆ ಖಾಲಿ. ಸೆಲ್ಫ್ ಹೊಡೆಯುವಾಗ ಒಂಬತ್ತೂವರೆಗಿಂತ ಕೆಳಗೆ ಕುಸಿದರೆ ಬ್ಯಾಟರಿಯಲ್ಲಿ ಜೀವ ಇಲ್ಲ. ಎಂಜಿನ್ ಓಡುವಾಗ 13.8ರಿಂದ 14.5ರೊಳಗೆ ಇರಬೇಕು, 12ರಲ್ಲೇ ಕೂತಿದ್ದರೆ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಚಾರ್ಜ್ ಕೊಡುತ್ತಿಲ್ಲ, ಹೊಸ ಬ್ಯಾಟರಿ ಹಾಕಿದರೂ ನಾಳೆ ಅದೇ ಕತೆ. ಅವನದು 11.7.

ಬ್ಯಾಟರಿ ಸಾಯುವುದು ಚಳಿಗೆ ಎಂದು ಕೇಳಿರುತ್ತೀರಿ. ಚಳಿಯಲ್ಲಿ ಅದರ ಬಲ ಕುಗ್ಗುವುದು ನಿಜ, ಆದರೆ ಆಯುಸ್ಸು ತಿನ್ನುವುದು ಸೆಕೆ. ಸುಮಾರು 25 ಡಿಗ್ರಿಯಿಂದ ಮೇಲಕ್ಕೆ ಪ್ರತಿ ಎಂಟು-ಹತ್ತು ಡಿಗ್ರಿಗೆ ಆಯುಸ್ಸು ಅರ್ಧವಾಗುತ್ತದೆ ಎಂಬುದು ಬ್ಯಾಟರಿಯವರ ಲೆಕ್ಕ. ಒಳಗಿನ ನೀರು ಆರುತ್ತದೆ, ಸೀಸದ ಪ್ಲೇಟು ಸವೆಯುತ್ತದೆ. ಊರಲ್ಲಿ ನಾಲ್ಕು ವರ್ಷ ಬಂದದ್ದು ಅಲ್ಲಿ ಎರಡೇ ವರ್ಷಕ್ಕೆ ಕೈಕೊಟ್ಟರೆ ಅಂಗಡಿಯವ ಮೋಸ ಮಾಡಿದ ಎಂದುಕೊಳ್ಳಬೇಡಿ. ಆದರೆ ಕೊಳ್ಳುವಾಗ ಅದರ ಮೇಲಿನ ತಯಾರಿ ತಾರೀಖು ಓದಿಯೇ ದುಡ್ಡು ಕೊಡಿ.

ಇನ್ನೊಂದು ಗಾಡಿಯ ಬ್ಯಾಟರಿಯಿಂದ ಕರೆಂಟು ತರುವ ಜಂಪರ್ ಕೇಬಲ್ ಹಾಕುವಾಗ ಅವಸರ ಬೇಡ. ಕೆಂಪು ಮೊದಲು ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ತುದಿ ಒಳ್ಳೆಯದರ ಪ್ಲಸ್ಸಿಗೆ. ಕಪ್ಪು ಒಳ್ಳೆಯದರ ಮೈನಸ್ಸಿಗೆ, ಕೊನೆಯ ತುದಿ ಸತ್ತ ಗಾಡಿಯ ಎಂಜಿನ್ನಿನ ಬರೀ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ತುದಿ ತಾಗಿದಾಗ ಕಿಡಿ ಹಾರುತ್ತದೆ, ಬ್ಯಾಟರಿಯ ಹತ್ತಿರ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಇರುತ್ತದೆ. ತೆಗೆಯುವುದು ಹಾಕಿದ್ದಕ್ಕೆ ಸರೀ ಉಲ್ಟಾ. ಒಮ್ಮೆ ಪುಣ್ಯಾತ್ಮನೊಬ್ಬ "ಬಿಡಿ ಸಾರ್, ನಂಗೊತ್ತು" ಎಂದು ನನ್ನ ಗಾಡಿಗೆ ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿ ಹಿಡಿದ. ಚಟ್ ಅಂತು, ಮುಖ್ಯ ಫ್ಯೂಸೇ ಹೋಯಿತು. ಬ್ಯಾಟರಿಗಿಂತ ಆ ರಿಪೇರಿಯೇ ದುಬಾರಿಯಾಯಿತು. ಹೆದ್ದಾರಿಯಲ್ಲಿ ಗಾಡಿ ನಿಂತರೆ ಮಾತ್ರ ಈ ಯಾವ ಪ್ರಯೋಗವೂ ಬೇಡ: ಹಜಾರ್ಡ್ ಲೈಟ್ ಹಾಕಿ ತಡೆಗೋಡೆಯ ಆಚೆ ನಿಂತು ಸಹಾಯಕ್ಕೆ ಫೋನ್ ಮಾಡಿ. ಯುಎಇಯಲ್ಲಿ ಪೊಲೀಸ್ ನಂಬರ್ 999.

ಫೋನಿಟ್ಟು ಅಂಗಳಕ್ಕೆ ಬಂದರೆ ಇಲ್ಲಿ ಭಾವನ ಗಾಡಿಯೂ "ಟಕ್" ಎನ್ನುತ್ತಿತ್ತು! ಅವನು ಆಗಲೇ ಹೊಸ ಬ್ಯಾಟರಿಗೆ ಹೊರಟಿದ್ದ. ಮೀಟರ್ ಇಟ್ಟೆ, 12.5. ಬ್ಯಾಟರಿ ಗಟ್ಟಿ ಇದೆ, ಆದರೆ ಮೈನಸ್ ಟರ್ಮಿನಲ್ ಮೇಲೆ ಹಸಿರು-ಬಿಳಿ ಬೂಷ್ಟು, ಹೂಕೋಸಿನ ಹಾಗೆ. ಸಮುದ್ರದಿಂದ ಮುಕ್ಕಾಲು ಮೈಲಿಯೂ ಇಲ್ಲ ನಮ್ಮ ಮನೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಸೀಸದ ಕಂಬಕ್ಕೆ, ಇನ್ನೊಂದು ಅದನ್ನು ಹಿಡಿದ ಕ್ಲ್ಯಾಂಪಿಗೆ ಇಟ್ಟು ಸೆಲ್ಫ್ ಹೊಡೆಯಲು ಹೇಳಿದೆ. ಸೊನ್ನೆಯ ಹತ್ತಿರ ಇರಬೇಕಾದದ್ದು ಎರಡೂವರೆ ವೋಲ್ಟ್ ತೋರಿಸಿತು. ಅಷ್ಟೂ ಕರೆಂಟಿನ ದಾರಿಯನ್ನು ಆ ಬೂಷ್ಟು ಕಟ್ಟಿಹಾಕಿತ್ತು.

ಅಮ್ಮ ಬನ್ಸಿಗೆಂದು ಇಟ್ಟಿದ್ದ ಅಡುಗೆ ಸೋಡಾ ಎರಡು ಚಮಚ, ಒಂದು ತಂಬಿಗೆ ಬಿಸಿನೀರು. 10 ನಂಬರ್ ಸ್ಪಾನರಿನಿಂದ ಮೈನಸ್ ಮೊದಲು ಬಿಚ್ಚಿದೆ. ಪ್ಲಸ್ ಮೊದಲು ಬಿಚ್ಚುವಾಗ ಸ್ಪಾನರ್ ಗಾಡಿಯ ಲೋಹಕ್ಕೆ ತಾಗಿದರೆ ಶಾರ್ಟ್ ಆಗುತ್ತದೆ. ಹಾಕುವಾಗ ಮೈನಸ್ ಕೊನೆಗೆ. ನೀರು ಬಿದ್ದದ್ದೇ ಬುಸ್ ಎಂದು ನೊರೆ ಬಂತು. ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿ, ಒರೆಸಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಮೊದಲ ಸೆಲ್ಫಿಗೇ ಹತ್ತಿಕೊಂಡಿತು. ಭಾವ ಬ್ಯಾಟರಿ ದುಡ್ಡನ್ನು ಜೇಬಿಗೆ ವಾಪಸ್ ತುರುಕಿ, "ಸೋಡಾ ಖಾಲಿ ಮಾಡ್ದಿ, ಅತ್ತೆಗೆ ನೀನೇ ಹೇಳು" ಅಂದ.

ಶಾರ್ಜಾದ ಹುಡುಗ ಬ್ಯಾಟರಿ ಬದಲಾಯಿಸಿಕೊಂಡ. ಪಾರ್ಕಿಂಗಿಗೇ ಬಂದು ಹಾಕಿಕೊಡುವವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ಇನ್ನು ನೀವು ಊರಿಗೆ ತಿಂಗಳ ರಜೆ ಹಾಕುವಾಗ ಗಾಡಿಯನ್ನು ಹಾಗೇ ಬಿಟ್ಟು ಬರಬೇಡಿ. ಅಲಾರಂ, ಡ್ಯಾಶ್‌ಕ್ಯಾಮ್ ಇವೆಲ್ಲ ನಿಂತಲ್ಲೇ ಬ್ಯಾಟರಿ ಹೀರುತ್ತಿರುತ್ತವೆ. ನಂಬುವ ಸ್ನೇಹಿತರಿಗೆ ಕೀಲಿ ಕೊಟ್ಟು ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಲು ಹೇಳಿ. ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಇದ್ದದ್ದೂ ಖಾಲಿ. ಯಾರೂ ಸಿಗದಿದ್ದರೆ ಮೈನಸ್ ಬಿಚ್ಚಿಟ್ಟು ಬನ್ನಿ. ಆಗ ರಿಮೋಟಿಗೆ ಬಾಗಿಲು ತೆರೆಯುವುದಿಲ್ಲ. ರಿಮೋಟಿನೊಳಗೆ ಅಡಗಿರುವ ಸಣ್ಣ ಕೀಲಿಯನ್ನು ಹೇಗೆ ಹೊರಗೆ ಎಳೆಯುವುದು ಎಂದು ಹೊರಡುವ ಮುಂಚೆ ಒಮ್ಮೆ ಎಳೆದು ನೋಡಿಕೊಳ್ಳಿ.