ಹತ್ತು ಹೆಸರು, ಒಂದೇ ಕೈ

ಮೈಸೂರಿನ ನಮ್ಮ ಬಡಾವಣೆಯ ಸಂಘದಲ್ಲಿ ಆ ವರ್ಷ 2 ಲಕ್ಷ ರೂಪಾಯಿ ಉಳಿದಿತ್ತು. ಪಾರ್ಕಿಗೆ ಬೆಂಚು, ಮಕ್ಕಳ ಓದುಕೋಣೆ, ಇಂಗುಗುಂಡಿ ಅಂತ ಏಳು ಬೇಡಿಕೆ ಬಂದಿದ್ದವು. ಪ್ರತಿ ಸಲ ಮೀಟಿಂಗಿನಲ್ಲಿ ದನಿ ದೊಡ್ಡದಿದ್ದವರ ಮಾತೇ ನಡೆಯುತ್ತಿತ್ತು. ಈ ಸಲ ಜನರೇ ಹಂಚಲಿ ಅಂದೆ. ಸಾಫ್ಟ್‌ವೇರ್ ಕೆಲಸದವನು ಅಂತ ಜವಾಬ್ದಾರಿ ನನಗೇ ಬಂತು.

ನಾನು ಆರಿಸಿದ್ದು ಕ್ವಾಡ್ರಾಟಿಕ್ ಫಂಡಿಂಗ್. 2018ರಲ್ಲಿ ವಿಟಾಲಿಕ್ ಬುಟೆರಿನ್, ಜೋಯಿ ಹಿಟ್ಜಿಗ್, ಗ್ಲೆನ್ ವೈಲ್ ಅನ್ನುವ ಮೂವರು ಒಂದು ಪ್ರಬಂಧದಲ್ಲಿ ಮುಂದಿಟ್ಟ ಲೆಕ್ಕ ಇದು. ಒಂದು ಬೇಡಿಕೆಗೆ ಒಬ್ಬೊಬ್ಬರು ಕೈಯಿಂದ ಕೊಟ್ಟ ಮೊತ್ತದ ವರ್ಗಮೂಲ ತೆಗೆದು, ಎಲ್ಲವನ್ನೂ ಕೂಡಿ, ಬಂದದ್ದನ್ನು ವರ್ಗ ಮಾಡಬೇಕು. ಆ ಬೇಡಿಕೆಗೆ ಸಿಗುವುದು ಅಷ್ಟು. ಒಬ್ಬರೇ 1000 ರೂಪಾಯಿ ಕೊಟ್ಟರೆ ಬರುವುದು ಅಷ್ಟೇ 1000. ಹತ್ತು ಜನ ನೂರು ನೂರು ಕೊಟ್ಟರೆ 10,000. ಮೇಲಿನ 9000 ಸಂಘದ್ದು. ಜಾಸ್ತಿ ಜನಕ್ಕೆ ಬೇಕಾದದ್ದಕ್ಕೆ ಜಾಸ್ತಿ ದುಡ್ಡು. ಚೆನ್ನಾಗಿದೆ ಅಲ್ವಾ?

ಆದರೆ ಒಬ್ಬರೇ ತಮ್ಮ 1000ವನ್ನು ಹತ್ತು ಹೆಸರಲ್ಲಿ ಒಡೆದರೂ ಅದೇ 9000 ಸಿಗುತ್ತದೆ. ಇದು ನನಗೆ ಹೊಳೆಯಲಿಲ್ಲ. ಫೋನಿಗೆ ಒಟಿಪಿ ಬರುತ್ತದೆ, ಸಾಕು ಅಂದುಕೊಂಡೆ. ಮನೆಯಲ್ಲಿ ಒಬ್ಬೊಬ್ಬರ ಹತ್ತಿರ ಎರಡೆರಡು ಸಿಮ್ ಇರುತ್ತವೆ ಅನ್ನುವುದು ನೆನಪಾಗಲಿಲ್ಲ. ಕೊನೆಯ ರಾತ್ರಿ ಒಂದೇ ಬೇಡಿಕೆಗೆ ಹದಿನಾಲ್ಕು ಹೊಸ ಹೆಸರು ಬಂದವು. ದುಡ್ಡು ಮಾತ್ರ ಒಂದೇ ಯುಪಿಐ ಖಾತೆಯಿಂದ. ಆ ಸುತ್ತನ್ನೇ ರದ್ದು ಮಾಡಿ, ಎಲ್ಲರ ದುಡ್ಡು ವಾಪಸ್ ಕೊಟ್ಟೆವು.

ಹೀಗೆ ಒಬ್ಬರೇ ಹಲವು ಹೆಸರಲ್ಲಿ ಬರುವುದಕ್ಕೆ ಸಿಬಿಲ್ (Sybil) ದಾಳಿ ಅನ್ನುತ್ತಾರೆ. ಗುರುತು ಖಾತ್ರಿ ಮಾಡುವ ನಂಬಿಕಸ್ಥರು ಯಾರೂ ಇಲ್ಲದೆ ಇದನ್ನು ತಡೆಯುವುದು ಹೆಚ್ಚುಕಡಿಮೆ ಆಗದ ಮಾತು ಅಂತ ಕಂಪ್ಯೂಟರ್ ಸಂಶೋಧಕ ಜಾನ್ ಡೌಸರ್ 2002ರಲ್ಲೇ ಬರೆದಿದ್ದರು. ನಮ್ಮಲ್ಲಿ ಆ ನಂಬಿಕಸ್ಥರು ಇದ್ದರು: ಎಲ್ಲರ ಮುಖ ಗೊತ್ತಿರುವ ನೆರೆಹೊರೆಯವರು. ಎರಡನೇ ಸುತ್ತಿಗೆ ಮನೆಮನೆಗೆ ಹೋಗಿ ಪಟ್ಟಿ ಮಾಡಿದೆವು. ಬಾಡಿಗೆಯವರು, ಔಟ್‌ಹೌಸಿನವರು ಎಲ್ಲರೂ ಸೇರಿದರು. ಒಂದು ಚೀಲದಲ್ಲಿ ಅಂಟಿಸಿದ ಲಕೋಟೆಗಳು, ಒಳಗೆ ಫೋನಿನಲ್ಲಿ ಮತ ಹಾಕಲು ಒಂದೊಂದು ಕೋಡ್. ಒಬ್ಬರಿಗೆ ಒಂದು, ಅವರೇ ಕೈಹಾಕಿ ತೆಗೆದುಕೊಳ್ಳಬೇಕು. ಯಾವ ಕೋಡ್ ಯಾರದು ಅಂತ ನಮಗೂ ಗೊತ್ತಾಗುವುದಿಲ್ಲ.

ದುಡ್ಡು ಹಾಕುವುದನ್ನೂ ಕೈಬಿಟ್ಟೆವು. ಬದಲಿಗೆ ಪ್ರತಿಯೊಬ್ಬರಿಗೆ 100 ಅಂಕ. ಒಂದು ಮತಕ್ಕೆ 1 ಅಂಕ, ಎರಡಕ್ಕೆ 4, ಮೂರಕ್ಕೆ 9. ನೂರನ್ನೂ ಒಂದೇ ಕಡೆ ಸುರಿದರೆ ಹತ್ತೇ ಮತ. ಬಿದ್ದ ಮತದ ಪ್ರಕಾರ 2 ಲಕ್ಷವನ್ನು ಹಂಚುವುದು.

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಇದ್ದೇ ಇರುತ್ತಾರೆ. ಕೆಲವರು ಅಕ್ಕಪಕ್ಕದವರ ಲಕೋಟೆಗಳನ್ನೇ ಕೇಳಿ ಇಸಿದುಕೊಂಡರು. ಇನ್ನು ಕೆಲವರದು ಮುಯ್ಯಿ: ನೀವು ನಮ್ಮದಕ್ಕೆ ಹಾಕಿ, ನಾವು ನಿಮ್ಮದಕ್ಕೆ ಹಾಕ್ತೀವಿ, ಸ್ಕ್ರೀನ್‌ಶಾಟ್ ಕಳಿಸಿ. ಇವರ್ಯಾರೂ ಕೆಟ್ಟವರಲ್ಲ. ನಮ್ಮ ಕಷ್ಟಸುಖಕ್ಕೆ ಆಗುವವರೇ. ಅದಕ್ಕೇ ಇಂಥವರು ಕೇಳಿದಾಗ ಇಲ್ಲ ಅನ್ನುವುದು ಅಕ್ಕಪಕ್ಕದವರಿಗೆ ಕಷ್ಟ. ಇಲ್ಲ ಅನ್ನದೆಯೂ ತಪ್ಪಿಸಿಕೊಳ್ಳುವ ದಾರಿ ಅವರಿಗೆ ಬೇಕಿತ್ತು.

ಆ ದಾರಿ ಎಸ್ಟೋನಿಯಾದಿಂದ ಸಿಕ್ಕಿತು. ಅಲ್ಲಿ 2005ರಿಂದ ಇಂಟರ್‌ನೆಟ್‌ನಲ್ಲಿ ಮತ ಹಾಕುತ್ತಾರೆ. ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದೇ ಲೆಕ್ಕ. ಮತಗಟ್ಟೆಗೆ ಹೋಗಿ ಕಾಗದದಲ್ಲಿ ಹಾಕಿದರೆ ಆನ್‌ಲೈನ್ ಮತ ರದ್ದು. ನಾವೂ ಕೊನೆಯ ಭಾನುವಾರ ಫೋನಿನಿಂದ ಮತ ಹಾಕುವುದನ್ನು ನಿಲ್ಲಿಸಿದೆವು. ಬದಲಿಸಬೇಕಾದವರು ಸಂಘದ ಹಾಲ್‌ಗೆ ಬರಬೇಕು. ಒಬ್ಬರಿಗೆ ಒಂದೇ ಸಲ ಪ್ರವೇಶ, ಒಂದೇ ಕೋಡ್, ಪರದೆಯ ಹಿಂದೆ. ಯಾರಾದರೂ ಕೇಳಿದರೆ ಲಕೋಟೆ ಕೊಡುವ ಮುಂಚೆ ಕೋಡ್ ಬರೆದಿಟ್ಟುಕೊಳ್ಳಿ ಅಂತ ಎಲ್ಲರಿಗೂ ಮೊದಲೇ ಹೇಳಿದ್ದೆವು. ಶನಿವಾರದ ಸ್ಕ್ರೀನ್‌ಶಾಟ್‌ಗೆ ಭಾನುವಾರ ಬೆಲೆ ಉಳಿಯಲಿಲ್ಲ.

ಅವತ್ತು ಮೂವತ್ತೊಂದು ಜನ ಬಂದರು. ಕೊನೆಯಲ್ಲಿ ಮೂಲೆಮನೆಯ ಅಜ್ಜಿ ಬಂದರು. ಅವರ ಲಕೋಟೆಯನ್ನು ಯಾರೋ ಇಸಿದುಕೊಂಡು ಹೋಗಿದ್ದರು. ಕೋಡನ್ನು ಕ್ಯಾಲೆಂಡರ್ ಹಾಳೆಯ ಚೂರಿನಲ್ಲಿ ಬರೆದು ತಂದಿದ್ದರು.

"ಯಾವುದಕ್ಕೆ ಹಾಕಿದೆ ಅಂತ ಗೊತ್ತಾಗಲ್ಲ ತಾನೇ ಮಗಾ?"

"ನನಗೂ ಗೊತ್ತಾಗಲ್ಲ ಅಜ್ಜಿ."

ಅವರು ಪರದೆಯ ಹಿಂದೆ ಹತ್ತು ನಿಮಿಷ ಕೂತಿದ್ದರು. ಯಾರೂ ಅವಸರ ಮಾಡಲಿಲ್ಲ.